ಸ್ಟಾಕ್ ಅಂದ್ರೆ ದಾಸ್ತಾನಾ? ಮೀನುಗಾರಿಕೆ ಪದಗಳ ಬಗ್ಗೆ ಪ್ರಶ್ನೆ

ಎಲ್ರಿಗೂ ನಮಸ್ಕಾರ. ಮೀನುಗಾರರಿಗೆ ಹಂಚೋಕೆ ಅಂತ ಒಂದು ಕಿರುಹೊತ್ತಿಗೆ ಇಂಗ್ಲಿಷಿಂದ ಕನ್ನಡಕ್ಕೆ ಆಗಿ ಬಂದಿದೆ, ತಿದ್ದೋ ಕೆಲಸ ನನ್ನ ಪಾಲಿಗೆ. ಕೆಲವು ಪದಗಳ ಹತ್ರ ಸಿಕ್ಕಿಹಾಕ್ಕೊಂಡಿದೀನಿ, ಗೊತ್ತಿದ್ದೋರು ಹೇಳಿ.

ಫಿಶ್ ಸ್ಟಾಕ್ (ಒಂದು ಕಡಲಲ್ಲಿರೋ ಒಂದು ಜಾತಿ ಮೀನಿನ ಒಟ್ಟು ಗುಂಪು) ಅನ್ನೋದಕ್ಕೆ ಅನುವಾದದಲ್ಲಿ "ಮೀನು ದಾಸ್ತಾನು" ಅಂತಿದೆ. ದಾಸ್ತಾನು ಅಂದ್ರೆ ಗೋಡೌನಲ್ಲಿರೋ ಅಕ್ಕಿಮೂಟೆ, ಎಣಿಸಿಟ್ಟಿದ್ದು, ಬೇಕಾದಾಗ ಎತ್ಕೊಳ್ಳೋದು. ಕಡಲಲ್ಲಿ ಓಡಾಡ್ಕೊಂಡು ಮೊಟ್ಟೆ ಇಡೋ ಬೂತಾಯಿ (ಸಾರ್ಡಿನ್) ಮೀನಿಗೆ ಆ ಹೆಸರು ಕೊಟ್ರೆ ಪುಸ್ತಕ ಹೇಳೋಕೆ ಹೊರಟಿದ್ದೇ ಉಲ್ಟಾ ಆಗುತ್ತೆ. ನಾನು "ಸಂತತಿ" ಅಂತ ಹಾಕಿದೀನಿ.

ಓವರ್‌ಫಿಶಿಂಗ್‌ಗೆ, ಅಂದ್ರೆ ಮರಿ ಹುಟ್ಟಿ ತುಂಬ್ಕೊಳ್ಳೋದಕ್ಕಿಂತ ಜಾಸ್ತಿ ಹಿಡಿಯೋದಕ್ಕೆ, ಕೆಲವು ಕಡೆ "ಮತ್ಸ್ಯಕ್ಷಾಮ" ಅಂತ ಬರೆದಿದಾರೆ, ಪೇಪರಲ್ಲೂ ಮೀನು ಸಿಗದಿದ್ದಾಗೆಲ್ಲ ಇದೇ ಹೆಡಿಂಗು. ನನಗೆ ಇದು ತುಂಬಾ ಚುಚ್ಚುತ್ತೆ. ಕ್ಷಾಮ ಅಂದ್ರೆ ಮಳೆ ಕೈಕೊಟ್ಟಿದ್ದು, ಯಾರ ತಪ್ಪೂ ಅಲ್ಲ ಅನ್ನೋ ಭಾವ. ಬೂತಾಯಿ ವಿಷಯದಲ್ಲಿ ಅದು ಅರ್ಧ ನಿಜಾನೇ ಅನ್ನಿ, ಕಡಲ ಬಿಸಿ ಮಳೆ ಎಲ್ಲ ಏರುಪೇರಾದ್ರೆ ಬೂತಾಯಿ ತಾನಾಗೇ ಕಡಿಮೆ ಆಗುತ್ತೆ, 2015ರ ಎಲ್ ನಿನೋ (ಪೆಸಿಫಿಕ್ ಕಡಲು ಬಿಸಿಯಾಗಿ ಹವಾಮಾನ ಏರುಪೇರಾಗೋದು) ಹೊಡೆತಾನೂ ಇತ್ತು. ಆದ್ರೆ ಮಿಕ್ಕ ಅರ್ಧ ನಾವು ಹಿಡಿದು ಮುಗಿಸಿದ್ದು ತಾನೇ, ಬುಲ್ ಟ್ರಾಲಿಂಗು (ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋದು), ಲೈಟ್ ಫಿಶಿಂಗು (ಜೋರು ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯೋದು) ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲೇ ಬ್ಯಾನ್ ಮಾಡಿದ್ರೂ ಕದ್ದುಮುಚ್ಚಿ ನಡೀತಾನೇ ಇದೆ ಅಂತ ನಾಡದೋಣಿಯವರು ವರ್ಷವರ್ಷ ಗಲಾಟೆ ಮಾಡ್ತಾರಲ್ಲ, ಆ ಅರ್ಧ ಕ್ಷಾಮ ಅನ್ನೋ ಪದದಲ್ಲಿ ಎಲ್ಲಿದೆ? "ಅತಿಮೀನುಗಾರಿಕೆ" ಅಂದ್ರೆ ಅರ್ಥವೇನೋ ಸರಿ, ಆದ್ರೆ ಬಂದರಲ್ಲಿ ಯಾರೂ ಹಾಗೆ ಮಾತಾಡಲ್ಲ. "ಮಿತಿಮೀರಿ ಹಿಡಿಯೋದು" ಅಂತ ಬಿಡಿಸಿ ಬರೆದ್ರೆ ಸಾಕಾ?

ಮೆಶ್ ಸೈಜ್‌ಗೆ "ಜಾಲರಿ ಗಾತ್ರ" ಅಂತ ಇತ್ತು, ಹೊಡೆದುಹಾಕಿದೆ. ಬಲೆಗೆ ಇರೋದು ಕಣ್ಣು. ಟ್ರಾಲ್ ಬಲೆ (ಬೋಟಿನ ಹಿಂದೆ ಎಳ್ಕೊಂಡು ಹೋಗೋ ಬಲೆ) ತುದಿ ಚೀಲದ ಕಣ್ಣು ಡೈಮಂಡ್ ಆಕಾರ ಇದ್ರೆ ಎಳೆಯುವಾಗ ಮುಚ್ಕೊಳ್ಳುತ್ತೆ, ಮರಿ ಹೊರಗೆ ಹೋಗೋಕಾಗಲ್ಲ, ಚೌಕ ಇದ್ರೆ ತೆರೆದೇ ಇರುತ್ತೆ. "ಬಲೆ ಕಣ್ಣು ಮುಚ್ಚುತ್ತೆ" ಅಂತ ಬರೆದ್ರೆ ಚಿತ್ರಾನೇ ಬೇಡ.

ನನಗೆ ಸಿಗದೇ ಇರೋದು ಬೈಕ್ಯಾಚ್‌ಗೆ, ಅಂದ್ರೆ ಹಿಡಿಯೋಕೆ ಹೋದ ಮೀನಿನ ಜೊತೆಗೆ ಬಲೆಗೆ ಬೀಳೋ ಬೇರೆ ಮೀನು ಮರಿಗಳಿಗೆ ಪದ. ಅನುವಾದದಲ್ಲಿ "ಉಪಹಿಡಿತ" ಅಂತಿದೆ, ಉಪವಾಸ ಇದ್ದಂಗೆ ಕೇಳುತ್ತೆ. ಹೋದ ಮೇ ತಿಂಗಳು ಮಲ್ಪೆ ಬಂದರಲ್ಲಿ ಬೆಳಿಗ್ಗೆ ಬೋಟಿಂದ ಇಳಿಸೋದನ್ನ ನೋಡ್ತಾ ನಿಂತಿದ್ದೆ. ಒಳ್ಳೆ ಮೀನೆಲ್ಲ ಐಸ್ ಹಾಕಿ ಬಾಕ್ಸಿಗೆ ಹೋಯ್ತು. ಪಕ್ಕದಲ್ಲಿ ಐಸೂ ಇಲ್ಲದ ಒಂದು ಗುಡ್ಡೆ, ಬೆರಳುದ್ದದ ಮದ್ಮಲ್ ಮೀನು, ಕಾಲು ಮುರಿದ ಏಡಿ, ಚಿಕ್ಕ ಬೊಂಡಾಸ್ (ಸ್ಕ್ವಿಡ್), ಎಲ್ಲ ಕಲಸಿಹೋಗಿ ಕೆಸರಿನ ಬಣ್ಣ. (ಮದ್ಮಲ್ ಅಂದ್ರೆ ತುಳುವಲ್ಲಿ ಮದುಮಗಳು, ಮೀನಿನ ಆ ಕೆಂಪಿಗೇ ಆ ಹೆಸರು ಬಂದಿರ್ಬೇಕು.) ಇದೇನಣ್ಣ ಅಂತ ಕೇಳಿದ್ದಕ್ಕೆ ಸಲಿಕೆ ಹಿಡಿದಿದ್ದೋರು "ಅದು ಮಿಲ್ಲಿಗೆ" ಅಂದ್ರು ಅಷ್ಟೆ. ಫಿಶ್‌ಮೀಲ್ (ಮೀನಿನ ಪುಡಿ) ಫ್ಯಾಕ್ಟರಿ ಅವರ ಬಾಯಲ್ಲಿ ಫಿಶ್‌ಮಿಲ್ ಆಗಿದೆ. ಮೀನಿಗೆ ಒಂದು ಹೆಸರೂ ಇಲ್ಲ, ಹೋಗೋ ಜಾಗವೇ ಹೆಸರು.

ಕೇರಳದಲ್ಲಿ 2015ರಿಂದ ಬೂತಾಯಿ 10 ಸೆಂಟಿಮೀಟರು, ಬಂಗುಡೆ 14 ಸೆಂಟಿಮೀಟರು ಇಲ್ದೇ ಹಿಡಿಯೋ ಹಾಗಿಲ್ಲ. ಇಂಥ ರೂಲ್ಸು ಜನಕ್ಕೆ ಮುಟ್ಟಬೇಕಂದ್ರೆ ಆ ಗುಡ್ಡೆಗೆ ಬಾಯಲ್ಲಿ ಆಡೋ ಹೆಸರು ಬೇಕೇ ಬೇಕು. "ಕಸದ ಮೀನು" ಅನ್ನೋಕೆ ನನಗೆ ಮನಸ್ಸಿಲ್ಲ, ಅದು ಕಸ ಅಲ್ಲ, ಬೆಳೆಯೋಕೆ ಬಿಟ್ಟಿದ್ರೆ ನಾಳೆ ಅದೇ ಬಾಕ್ಸಿಗೆ ಬರೋ ಮೀನು. "ಬೇಡದೆ ಬಿದ್ದ ಮೀನು" ಅನ್ನೋಣ ಅಂದ್ರೆ ಈಗ ಅದಕ್ಕೂ ರೇಟಿದೆ, ಬೇಡ ಅಂತ ಯಾರೂ ಅನ್ನಲ್ಲ.

ಕಾರವಾರ, ಹೊನ್ನಾವರ, ಕುಂದಾಪುರ ಕಡೆಯೋರು ಅಥವಾ ಮನೇಲಿ ಕೊಂಕಣಿ, ತುಳು ಮಾತಾಡೋರು, ಬಲೇಲಿ ಜೊತೆಗೆ ಬಂದ ಇಂಥ ಮೀನಿಗೆ ಹಿರಿಯರು ಏನಂತಿದ್ರು? ಕೈರಂಪಣಿ (ದಡದಿಂದ ಜನ ಸೇರಿ ಕೈಯಲ್ಲಿ ಎಳೆಯೋ ದೊಡ್ಡ ಬಲೆ) ಕಾಲದ ಪದ ಇದ್ರೂ ಆಗುತ್ತೆ. ಜೂನ್ 1ಕ್ಕೆ ಬೋಟುಗಳ ಮೀನುಗಾರಿಕೆಗೆ 61 ದಿನದ ರಜೆ ಶುರು, ಬೋಟಿನೋರೆಲ್ಲ ದಡದಲ್ಲಿರ್ತಾರೆ, ಅಷ್ಟರೊಳಗೆ ಪುಸ್ತಕ ಅವರ ಕೈಗೆ ಕೊಡಬೇಕು.