ಪದಚರ್ಚೆ: ವಾರೆ ಮಾಡಿ ಹುಡುಕುವ ನೋಟಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರದ) ನಡುಭಾಗ, ಅಂದರೆ ಮ್ಯಾಕುಲಾ, ಹಾಳಾಗಿ ನಡುನೋಟ ಕಳೆದುಕೊಂಡವರಿಗಾಗಿ ಮೈಸೂರಿನಲ್ಲಿ ನಾವು ಕೆಲವರು ಒಂದು ಕೈಪಿಡಿ ಬರೆಯುತ್ತಿದ್ದೇವೆ. ಒಂದು ಪದ ಸಿಗದೆ ಕೆಲಸ ನಿಂತಿದೆ.

ಕಣ್ಣಿಗೆ ತೀರಾ ಸ್ಪಷ್ಟವಾಗಿ ಕಾಣುವ ಜಾಗ ಸುಮಾರು 2 ಡಿಗ್ರಿ, ಕೈ ಚಾಚಿದಾಗ ಹೆಬ್ಬೆರಳಿನ ಉಗುರು ಕಾಣುವಷ್ಟು. ಅದಕ್ಕೇ ಕಣ್ಣು ಸೆಕೆಂಡಿಗೆ 3–4 ಸಲ ಜಿಗಿದು ಬೇಕಾದ್ದನ್ನು ಅಲ್ಲಿಗೆ ತಂದುಕೊಳ್ಳುತ್ತದೆ. ವಯಸ್ಸಾದವರ ಮ್ಯಾಕುಲಾ ಕಾಯಿಲೆಯಲ್ಲಿ, ಎಳೆಯ ವಯಸ್ಸಿನಲ್ಲೇ ಬರುವ ಸ್ಟಾರ್ಗಾರ್ಟ್ ಕಾಯಿಲೆಯಲ್ಲಿ ಹೋಗುವುದು ಆ ಜಾಗವೇ. ಆಗ ಎಷ್ಟೋ ಜನ ಅಕ್ಷಿಪಟಲದ ಬೇರೊಂದು ಕಡೆಯಿಂದ ನೋಡುವುದನ್ನು ಕಲಿಯುತ್ತಾರೆ. ಎದುರಿದ್ದವರಿಗೆ ಅವರು ಎಲ್ಲೋ ನೋಡುತ್ತಿದ್ದಾರೆ ಅನ್ನಿಸುತ್ತದೆ. ಗಮನ ಪೂರ್ತಿ ಇಲ್ಲೇ ಇರುತ್ತದೆ.

ನಮ್ಮ ದೊಡ್ಡಮ್ಮ ಒಗ್ಗರಣೆ ಡಬ್ಬಿ ತೆಗೆದರೆ ಒಣಮೆಣಸಿನಕಾಯಿ ತಟ್ಟನೆ ಕಣ್ಣಿಗೆ ಬೀಳುತ್ತದೆ, ಬಣ್ಣ ಬೇರೆಯಲ್ಲವೇ. ಜೀರಿಗೆ ಯಾವುದು, ಸೋಂಪು ಯಾವುದು ಎನ್ನುವಾಗ ಮಾತ್ರ ಒಂದೊಂದೇ ಬಟ್ಟಲು ನೋಡಬೇಕು. ನೋಡಿದ್ದನ್ನೇ ಮತ್ತೆ ನೋಡುತ್ತಾರೆ, ಕೊನೆಗೆ ಚಿಟಿಕೆ ತೆಗೆದು ಮೂಸುತ್ತಾರೆ. "ನೆಟ್ಟಗೆ ನೋಡುದ್ರೆ ಮಾಯ ಆಗೋಗುತ್ತೆ ಕಣೋ, ವಾರೆ ಮಾಡ್ಕೊಂಡ್ರೆ ಸಿಗುತ್ತೆ" ಅನ್ನುತ್ತಾರೆ. ಮಾಯ ಅನ್ನುವುದು ಸರಿಯಾದ ಮಾತು. ಎಷ್ಟೋ ಜನಕ್ಕೆ ಅಲ್ಲಿ ಕಪ್ಪು ಚುಕ್ಕೆ ಕಾಣುವುದಿಲ್ಲ, ಮಿದುಳು ಸುತ್ತಲಿನದನ್ನೇ ಎಳೆದು ಮುಚ್ಚಿಬಿಡುತ್ತದೆ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿನ ಅಕ್ಷರ ದೊಡ್ಡದಿದ್ದರೂ ಅವರಿಗೆ ಸಾಲದು. ನಡುವಿನಿಂದ ದೂರ ಸರಿದಷ್ಟೂ ಅಕ್ಕಪಕ್ಕದ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ‘ರಾಮಸ್ವಾಮಿ’ಯ ‘ಸ್ವಾ’ ಬಂದಾಗ ಅವರು ಅಲ್ಲೇ ನಿಂತುಬಿಡುತ್ತಾರೆ.

ಈಗ ಪದಕ್ಕೆ ಬರುತ್ತೇನೆ. ‘ಓರೆನೋಟ’ ಅಂದರೆ ಒಲವೋ ಅನುಮಾನವೋ ನೆನಪಾಗುತ್ತದೆ. ‘ವಾರೆಗಣ್ಣು’, ‘ಮೆಳ್ಳೆಗಣ್ಣು’ ಎಂದರೆ ಬೇರೆಯದೇ ತೊಂದರೆ. ‘ಕಡೆಗಣ್ಣು’ ಅಂದ ಕೂಡಲೇ ‘ಕಡೆಗಣಿಸು’ ಕಿವಿಗೆ ಬೀಳುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. "ಮುಖ ಕೊಟ್ಟು ಮಾತಾಡಲ್ಲ" ಎಂಬ ದೂರನ್ನು ಇವರು ಮನೆಯಲ್ಲೇ ಕೇಳುತ್ತಿರುತ್ತಾರೆ, ಕೈಪಿಡಿಯೂ ಅದನ್ನೇ ಹೇಳಬಾರದು. ‘ಪರಿಧಿ ದೃಷ್ಟಿ’ ಪಾಠದ ಪುಸ್ತಕಕ್ಕೆ ಸರಿ, ದೊಡ್ಡಮ್ಮನಂಥವರಿಗೆ ತಲುಪುವುದಿಲ್ಲ. ನನ್ನ ಒಲವು ‘ಪಕ್ಕನೋಟ’ದ ಕಡೆಗಿದೆ. ಆದರೆ ಬೇಕೆಂದೇ ಕಣ್ಣು ಸರಿಸಿ ನೋಡುವುದು ಎಂಬ ಅರ್ಥ ಅದರಲ್ಲಿ ಬರುತ್ತದೆಯೇ?

ಹುಡುಕಾಟಕ್ಕೂ ಒಂದು ಮಾತು ಬೇಕು. ‘ಕಣ್ಣಾಡಿಸು’ ತೀರಾ ಸಲೀಸಾಯಿತು. ‘ಕಣ್ಣಲ್ಲೇ ತಡಕಾಡು’ ಅನ್ನಬಹುದೇ, ಅಥವಾ ತಡಕುವುದು ಕೈಗೆ ಮಾತ್ರವೇ? ಮಂಡ್ಯ, ನಾಗಮಂಗಲ, ಮದ್ದೂರು ಕಡೆಯವರು ನಿಮ್ಮ ಮನೆಯ ಹಿರಿಯರು ಈ ಎರಡಕ್ಕೂ ಏನನ್ನುತ್ತಾರೆ ಎಂದು ಕೇಳಿ, ಅವರು ಆಡಿದ ವಾಕ್ಯವನ್ನೇ ಬರೆದು ಕಳಿಸಿದರೆ ಉಪಕಾರವಾಗುತ್ತದೆ.