ಪ್ರಮೋಟರ್ ಮನೆ ಯಾವ ಕ್ರಾಸು?

ಹೊಸೂರಿನ ಬಾಗಲೂರು ರಸ್ತೆಯ ಟೀ ಅಂಗಡಿಯಲ್ಲಿ ಹರಟೆ ಮೂರು ಭಾಷೆಯಲ್ಲಿ ನಡೆಯುತ್ತದೆ. ಟೀ ಹೇಳುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಸೈಟಿನ ಮಾತು ಕನ್ನಡದಲ್ಲಿ. ಕೊಳ್ಳುವವರು ಬೆಂಗಳೂರಿನವರಲ್ವಾ, ಅದಕ್ಕೆ.

ಬ್ರೋಕರ್ ಸೀನ ಅವತ್ತು ಭಾರೀ ಖುಷಿಯಲ್ಲಿದ್ದ.

"ನಮ್ಮ ಲೇಔಟ್ ಮಾಡಿದ ಪ್ರಮೋಟರ್ ಎಂಥ ಸಮಾಜಸೇವಕರು ಗೊತ್ತಾ? ಪಾರ್ಕಿಗೆ ಜಾಗ ಬಿಟ್ಟುಕೊಟ್ಟಿದ್ದಾರೆ. ತಾಯಿ ಹೆಸರಲ್ಲಿ ಕಮಾನು ಬೇರೆ."

ಮೇಷ್ಟ್ರು ವಡೆಯನ್ನು ಪೇಪರಿನಲ್ಲಿ ಒತ್ತಿ ಎಣ್ಣೆ ತೆಗೆಯುತ್ತಾ ಕೇಳಿದರು. "ಎಷ್ಟು ಜಾಗ?"

"10 ಪರ್ಸೆಂಟು ಸಾರ್!"

"ಒಂಬತ್ತು ಬಿಟ್ಟಿದ್ದರೆ ಡಿಟಿಸಿಪಿ, ಅಂದರೆ ನಗರ ಯೋಜನೆ ಇಲಾಖೆ, ಅಪ್ರೂವಲ್ ಕೊಡ್ತಿತ್ತಾ? ದೊಡ್ಡ ಲೇಔಟ್ ಮಾಡಿದರೆ ರಸ್ತೆ ಕಳೆದು ಉಳಿದದ್ದರಲ್ಲಿ 10 ಪರ್ಸೆಂಟನ್ನು ಓಎಸ್‌ಆರ್ ಅಂತ, ಅಂದರೆ ಪಾರ್ಕಿನಂಥ ಬಯಲು ಜಾಗ ಅಂತ ಬಿಡಬೇಕು, ಗಿಫ್ಟ್ ಡೀಡ್ ಮಾಡಿ ಬರೆದುಕೊಡಬೇಕು. ತಮಿಳುನಾಡಿನ ರೂಲೇ ಅದು. ಕರೆಂಟ್ ಬಿಲ್ ಕಟ್ಟಿದವರಿಗೆಲ್ಲ ಶಾಲು ಹೊದಿಸ್ತೀವಾ?"

ಮುನಿಯಣ್ಣ ಆ ಲೇಔಟಿನಲ್ಲೇ ಮನೆ ಕಟ್ಟಿಕೊಂಡವನು. "ಬೆಂಚೂ ಹಾಕಿಸಿದ್ದಾರೆ ಮೇಷ್ಟ್ರೇ. ಒರಗುವ ಕಡೆ ಅವರ ಹೆಸರು. ಪೇಂಟು ಒಣಗಿರಲಿಲ್ಲ. ಈಗ ನನ್ನ ಬಿಳಿ ಶರ್ಟಿನ ಬೆನ್ನ ಮೇಲೆ ಪ್ರಮೋಟರ್ ಉಲ್ಟಾ ಇದ್ದಾರೆ."

"ಸೇವೆ ಅಂದರೆ ರಾಬರ್ಟ್ ಇ. ಸೈಮನ್ ಅವರದ್ದು," ಅಂದರು ಮೇಷ್ಟ್ರು.

"ಯಾವ ಏರಿಯಾ ಪ್ರಮೋಟರ್ ಸಾರ್?"

"ಅಮೆರಿಕದ ವರ್ಜೀನಿಯಾ. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಅನ್ನೋ ಸಂಗೀತ ಸಭಾಂಗಣ ಅವರ ಮನೆತನದ್ದಾಗಿತ್ತು. ಅದನ್ನು ಮಾರಿದ ದುಡ್ಡು ಹಾಕಿ 1961ರಲ್ಲಿ 6,750 ಎಕರೆ ಕೊಂಡು ರೆಸ್ಟನ್ ಅಂತ ಊರು ಕಟ್ಟಿದರು. ಆರ್, ಇ, ಎಸ್ ಅಂದರೆ ಅವರದೇ ಇನಿಷಿಯಲ್."

ಸೀನ ಮೇಜು ಕುಟ್ಟಿದ. "ನೋಡಿ! ಅವರು ಊರಿಗೇ ಹೆಸರು ಹಾಕ್ಕೊಂಡರು. ನಮ್ಮವರು ಬರೀ ಬೆಂಚಿಗೆ!"

ಮೇಷ್ಟ್ರು ಒಂದು ಗುಟುಕು ಟೀ ಜಾಸ್ತಿಯೇ ಕುಡಿದರು. "ಹಾಕ್ಕೊಂಡರು, ಸರಿ. ಆದರೆ 1964ರಲ್ಲಿ, ಕಪ್ಪು ಜನರನ್ನು ದೂರ ಇಟ್ಟಿದ್ದ ಕಾಲದಲ್ಲಿ, ಇಲ್ಲಿ ಯಾರು ಬೇಕಾದರೂ ಮನೆ ಕೊಳ್ಳಬಹುದು ಅಂದರು."

ಸೀನ ಟೀ ಲೋಟದೊಳಗೆ ಏನೋ ಹುಡುಕಿದ. ಬಾಡಿಗೆಗೆ ಬಂದವರನ್ನು ಅವನು ಮೊದಲು ಕೇಳುವುದೇ 'ನೀವು ಯಾವ ಜನ' ಅಂತ.

"ಮಾರಾಟ ನಿಧಾನವಾಯಿತು. ದುಡ್ಡು ಹಾಕಿದ್ದ ಗಲ್ಫ್ ಆಯಿಲ್ ಕಂಪನಿ 1967ರಲ್ಲಿ ಸೈಮನ್ನರನ್ನೇ ಹೊರಗೆ ಹಾಕಿತು."

"ಪ್ರಮೋಟರನ್ನೇ?" ಸೀನನ ದನಿ ನಡುಗಿತು. "ಎಷ್ಟು ಸೈಟು ಬಾಕಿ ಇತ್ತಂತೆ ಪಾಪ?"

"ಕೇಳು. 1993ರಲ್ಲಿ ಅದೇ ಊರಿಗೆ ವಾಪಸ್ ಬಂದು ಒಂದು ಫ್ಲಾಟಿನಲ್ಲಿ ಇದ್ದರು, ಎಲ್ಲರ ಹಾಗೆ. 2015ರಲ್ಲಿ ತೀರಿಕೊಂಡಾಗ 101 ವರ್ಷ. ಅಲ್ಲಿನ ಕೆರೆ ಪಕ್ಕ ಬೆಂಚಿನ ಮೇಲೆ ಅವರ ಕಂಚಿನ ಪ್ರತಿಮೆ ಕೂತಿದೆ. ಜನ ಪಕ್ಕದಲ್ಲೇ ಕೂರ್ತಾರೆ."

"ಪೇಂಟು ಹತ್ತಲ್ಲ ತಾನೇ?" ಅಂದ ಮುನಿಯಣ್ಣ.

ಊರು ಕಟ್ಟಿದವನೇ ಆ ಊರಿನ ನಲ್ಲಿ ನೀರು ಕುಡಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ ಅಂತ ನನಗನ್ನಿಸುತ್ತದೆ. ನಮ್ಮ ಪ್ರಮೋಟರ್ ಇರುವುದು ಅತ್ತಿಬೆಲೆ ಗಡಿ ದಾಟಿ, ಬೆಂಗಳೂರಿನಲ್ಲಿ. ಇಲ್ಲಿಗೆ ಬರುವುದು ಉದ್ಘಾಟನೆಗೆ ಮಾತ್ರ.

"ಸಂಘ ಆಯ್ತಾ?" ಅಂದೆ. "ಅರ್ಧಕ್ಕಿಂತ ಜಾಸ್ತಿ ಬುಕ್ ಆದ ಮೂರು ತಿಂಗಳೊಳಗೆ ಕೊಂಡವರ ಸಂಘ ಆಗಬೇಕು ಅಂತ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆ ಇದೆಯಲ್ಲ."

"ಆಗಿದೆ!" ಸೀನನಿಗೆ ಜೀವ ಬಂತು. "ಅಧ್ಯಕ್ಷರು ಪ್ರಮೋಟರ್, ಕಾರ್ಯದರ್ಶಿ ಅವರ ಬಾಮೈದ, ಖಜಾಂಚಿ ಬಾಮೈದನ ಹೆಂಡತಿ."

"ಮತ್ತೆ ಮೆಂಬರ್ಸು?"

"ಇನ್ನೂ ಸೇರಿಸ್ಕೊಂಡಿಲ್ಲ ಸಾರ್. ಸುಮ್ನೆ ಗಲಾಟೆ ಯಾಕೆ ಅಂತ."

ಸೀನ ಮುನಿಯಣ್ಣನ ಹತ್ತಿರ ಸರಿದು ದನಿ ಇಳಿಸಿದ. "ಅಣ್ಣಾ, ಅವರು ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ಲಬೇಕಂತಿದ್ದಾರೆ. ಓಟರ್ ಲಿಸ್ಟಿಗೆ ಇಲ್ಲೇ ಒಂದು ಮನೆ ಬೇಕು. ನಿಮ್ಮ ಮಹಡಿ ಖಾಲಿ ಇದೆಯಲ್ಲಾ..."

"ಕೊಡೋಣ ಬಿಡು. ಯಾವ ಜನ ಅಂತಲೂ ಕೇಳಲ್ಲ. ಹತ್ತು ತಿಂಗಳ ಅಡ್ವಾನ್ಸು. ಮೊದಲೇ ಹೇಳಿಬಿಡು, ಲೇಔಟಿನಲ್ಲಿ ನೀರು ವಾರಕ್ಕೊಂದು ಸಲ. ಟ್ಯಾಂಕರ್ ದುಡ್ಡು ಅವರದೇ."