1804ರ ಅಕ್ವಾಟಿಂಟ್ ಚಿತ್ರದ ಆಕಾಶದಲ್ಲಿ ಕಂದು ಚುಕ್ಕೆಗಳು: ಬ್ಲೀಚ್ ಮಾಡಬಹುದೇ?

ಪ್ರಶ್ನೆ: ಹಳೆಯ_ಹಾಳೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದು, ಲಂಡನ್ನಿನ ಎಡ್ವರ್ಡ್ ಓರ್ಮ್ ಪ್ರಕಟಿಸಿದ ಮೈಸೂರು ಸೀಮೆಯ ದೃಶ್ಯಗಳ ಪೈಕಿ, ಸೈಪ್ರೆಸ್ ತೋಟದೊಡನೆ ಬೆಂಗಳೂರನ್ನು ಪೂರ್ವದಿಂದ ಕಾಣಿಸುವ ಅಕ್ವಾಟಿಂಟ್ (ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರ) ಹಾಳೆಯೊಂದನ್ನು ಮೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹರಾಜೊಂದರಲ್ಲಿ ಕೊಂಡಿದ್ದೆ. ಕಟ್ಟಿಲ್ಲದೆ ಬರಿಯ ಹಾಳೆಯಾಗಿ ಬಂದಿತ್ತು. ಇಲ್ಲಿಯೇ ಕಟ್ಟು ಹಾಕಿಸಿ, ಮುಂಬಾಗಿಲಿನ ಪಕ್ಕದ ಹೊರಗೋಡೆಗೆ ತೂಗುಹಾಕಿದ್ದೆ.

ಈ ಮಳೆಗಾಲದಲ್ಲಿ ಆಕಾಶದ ಭಾಗದಲ್ಲಿ ಸಾಸಿವೆ ಕಾಳಿನ ಗಾತ್ರದ ಕಂದು ಚುಕ್ಕೆಗಳು ಎದ್ದಿವೆ. ಚಿತ್ರದ ಸುತ್ತ ಒಂದು ಕಂದು ಗೆರೆಯೂ ಇದೆ. ಕಟ್ಟು ಹಾಕಿದವರು ಬ್ಲೀಚಿಂಗ್ ಪೌಡರಿನ ತಿಳಿನೀರಿನಲ್ಲಿ ಅದ್ದಿ ತೆಗೆದರೆ ಹೊಸದರಂತಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬ ಮಿತ್ರರು, ಇನ್ನೂರು ವರ್ಷದ ಕಾಗದ ಇಷ್ಟು ಬೇಗ ಕೆಡುವುದಿಲ್ಲ, ಇದು ನಕಲೇ ಇರಬೇಕು ಎಂದು ಅನುಮಾನ ಹುಟ್ಟಿಸಿದ್ದಾರೆ. ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಕೆಳಗಿನ ಅಂಚಿನ ಒಂದು ಮೂಲೆಯನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿದೆ. ಅಲ್ಲಿ ಚುಕ್ಕೆ ಹೋಗಲಿಲ್ಲ, ಬದಲಿಗೆ ಚಹಾ ಚೆಲ್ಲಿ ಒಣಗಿದಂತಹ ಹೊಸ ಅಂಚೊಂದು ಮೂಡಿತು. ಮುಂದೇನು ಮಾಡಲಿ?

ಉತ್ತರ: ತಾಮ್ರದ_ತಗಡು

ಮೊದಲು ಆ ಹತ್ತಿಯನ್ನು ದೂರವಿಡಿ. ಹಳೆಯ ಕಾಗದ ಕ್ಷಯಿಸುತ್ತಾ ಬಂದಂತೆ ಅದರೊಳಗೆ ನೀರಿನಲ್ಲಿ ಕರಗುವ ಕಂದು ಪದಾರ್ಥಗಳು ಸೇರಿಕೊಳ್ಳುತ್ತವೆ. ಒಂದು ಕಡೆ ಮಾತ್ರ ಒದ್ದೆ ಮಾಡಿದರೆ ನೀರು ಅವನ್ನೆಲ್ಲ ತಳ್ಳಿಕೊಂಡು ಹೋಗಿ, ಒದ್ದೆ ಮುಗಿಯುವ ಗಡಿಯಲ್ಲಿ ಬಿಟ್ಟು ಒಣಗುತ್ತದೆ. ನಿಮ್ಮ ಮೂಲೆಯಲ್ಲಿ ಆಗಿರುವುದು ಇದೇ.

ನಕಲೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೇ ಬಹುಮಟ್ಟಿಗೆ ತೀರ್ಮಾನಿಸಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ತೆಗೆದುಕೊಂಡು ಕಟ್ಟಡಗಳ ನೆರಳಿನ ಭಾಗವನ್ನು ನೋಡಿ. ಅಕ್ವಾಟಿಂಟ್ ವಿಧಾನದಲ್ಲಿ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಮ್ಲದಲ್ಲಿ ಇಡುತ್ತಿದ್ದರು. ಆಮ್ಲವು ರಾಳದ ಕಣಗಳನ್ನು ಬಿಟ್ಟು ಅವುಗಳ ಸುತ್ತಲಿನ ಲೋಹವನ್ನಷ್ಟೇ ತಿನ್ನುವುದರಿಂದ, ಅಚ್ಚಾದ ಮೇಲೆ ಬಿಳಿಯ ಸಣ್ಣ ದ್ವೀಪಗಳ ಸುತ್ತ ಶಾಯಿಯ ಬಲೆ ಹೆಣೆದಂತೆ ಕಾಣುತ್ತದೆ. ಚುಕ್ಕೆಗಳು ಅಚ್ಚುಕಟ್ಟಾದ ಸಾಲುಗಳಲ್ಲಿ ನಿಂತಿದ್ದರೆ ಅದು ಹಾಫ್‌ಟೋನ್, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಛಾಯಾಚಿತ್ರ ಆಧಾರಿತ ಮುದ್ರಣ.

ನಿಜವಾಗಿ ಮೋಸ ಮಾಡುವುದು, ಛಾಯಾಚಿತ್ರದ ಮೂಲಕ ತಗಡು ಕೊರೆಯುವ ಫೋಟೋಗ್ರೇವ್ಯೂರ್. 1879ರಲ್ಲಿ ಕಾರೆಲ್ ಕ್ಲಿಚ್ ರೂಪಿಸಿದ ಈ ವಿಧಾನದಲ್ಲಿಯೂ ರಾಳದ ಪುಡಿಯೇ ಇದೆ, ತಾಮ್ರದ ತಗಡೇ ಇದೆ, ಕಾಗದದ ಮೇಲೆ ತಗಡಿನ ಅಂಚಿನ ಒತ್ತುಗುರುತೂ ಬೀಳುತ್ತದೆ. ವ್ಯತ್ಯಾಸ ತಿಳಿಯುವುದು ಛಾಯೆಯಲ್ಲಿ. ಅಕ್ವಾಟಿಂಟಿನಲ್ಲಿ ಪ್ರತಿಯೊಂದು ಛಾಯೆಯನ್ನು ಬೇರೆಬೇರೆ ಅವಧಿಗೆ ಆಮ್ಲಕ್ಕೆ ಒಡ್ಡುವುದರಿಂದ ಅವು ಮೆಟ್ಟಿಲುಗಳಂತೆ, ಸ್ಪಷ್ಟ ಗಡಿಯೊಡನೆ ಬದಲಾಗುತ್ತವೆ. ಫೋಟೋಗ್ರೇವ್ಯೂರಿನಲ್ಲಿ ಒಂದು ಛಾಯೆ ಇನ್ನೊಂದರೊಳಗೆ ಅರಿವಿಗೆ ಬಾರದಂತೆ ಕರಗುತ್ತದೆ, ಮತ್ತು ಗೆರೆಗಳು ಸಹ ಕಣಕಣವಾಗಿ ಒಡೆದಿರುತ್ತವೆ.

ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ನೀರುಗುರುತು ಇದೆಯೇ ನೋಡಿ. 1794ರ ಸುಮಾರಿಗೆ ಬಂದ ಸುಂಕದ ನಿಯಮದಿಂದಾಗಿ ಇಂಗ್ಲಿಷ್ ಕಾಗದ ತಯಾರಕರು ನೀರುಗುರುತಿನಲ್ಲಿ ವರ್ಷವನ್ನೂ ಸೇರಿಸತೊಡಗಿದರು. ಆ ವರ್ಷವು ಪ್ರಕಟಣೆಯ ವರ್ಷಕ್ಕಿಂತ ಈಚಿನದಾಗಿದ್ದರೆ ಚಿತ್ರ ಸುಳ್ಳು ಎಂದಲ್ಲ, ಅದೇ ತಗಡುಗಳಿಂದ ತಡವಾಗಿ ತೆಗೆದ ಪ್ರತಿ ಎಂದಷ್ಟೇ ಅರ್ಥ. ಬೆಲೆಯಲ್ಲಿ ಮಾತ್ರ ಅದು ದೊಡ್ಡ ಅಂತರವೇ.

ಹಳೆಯ_ಹಾಳೆ

ಕಟ್ಟನ್ನು ಬಿಚ್ಚಿಯೇ ನೋಡಿದೆ. ಬಲೆಯಂತಹ ಹೆಣಿಗೆ ಸ್ಪಷ್ಟವಾಗಿದೆ, ಛಾಯೆಗಳು ಮೆಟ್ಟಿಲಾಗಿಯೇ ಇವೆ. ನೀರುಗುರುತು ಅರ್ಧ ಕತ್ತರಿಸಿಹೋಗಿದ್ದರೂ ವಾಟ್‌ಮನ್ ಎಂಬ ಇಂಗ್ಲಿಷ್ ಕಾಗದ ತಯಾರಕರ ಹೆಸರಿನ ಕೊನೆಯ ಅಕ್ಷರಗಳೂ 1801 ಎಂಬುದೂ ಓದಲು ಸಿಕ್ಕವು. ಒತ್ತುಗುರುತು ಕೆಳಗಡೆ ಮಾತ್ರ ಉಳಿದಿದೆ. ಹಾಳೆಯ ಹಿಂದೆ ಹಳೆಯ ದಿನಪತ್ರಿಕೆಯ ಪದರ, ಅದರ ಹಿಂದೆ ಹಾರ್ಡ್‌ಬೋರ್ಡ್ ಇತ್ತು. ಚುಕ್ಕೆಗಳು ಮುಂದಿಗಿಂತ ಹಿಂದೆಯೇ ಗಾಢವಾಗಿವೆ. ಇನ್ನೊಂದು ವಿಚಿತ್ರವೆಂದರೆ, ಸುತ್ತಲಿನ ಕಂದು ಗೆರೆಯು ಈಗಿನ ಮೌಂಟಿನ (ಚಿತ್ರದ ಮೇಲೆ ಕಿಟಕಿಯಂತೆ ಕತ್ತರಿಸಿ ಇಡುವ ರಟ್ಟಿನ) ಅಂಚಿಗೆ ಹೊಂದುವುದಿಲ್ಲ, ಒಂದು ಬೆರಳಿನಷ್ಟು ಒಳಗಿದೆ.

ಉತ್ತರ: ಕಾಗದದ_ಕೆಲಸ

ವೃತ್ತಿಯಿಂದ ನಾನು ಕಾಗದದ ಸಂರಕ್ಷಣೆ ಮಾಡುವವಳು. ನೀವು ಕೊನೆಯಲ್ಲಿ ಹೇಳಿದ ವಿಚಿತ್ರವೇ ಅರ್ಧ ಉತ್ತರ. ಆ ಗೆರೆ ನಿಮ್ಮ ಮನೆಯಲ್ಲಿ ಬಂದದ್ದಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ರಟ್ಟಿನ ಕತ್ತರಿಸಿದ ಅಂಚು ಹತ್ತಾರು ವರ್ಷ ಕಾಗದಕ್ಕೆ ತಾಗಿಕೊಂಡಿದ್ದರೆ, ಅದರ ಆಮ್ಲ ಇಳಿದು ಹೀಗೆ ಸುಟ್ಟಂತಹ ಗೆರೆ ಬೀಳುತ್ತದೆ. ಇದು ಈ ಹಾಳೆ ಇಂಗ್ಲೆಂಡಿನಲ್ಲಿ ಹಿಂದೆ ಹಾಕಿಕೊಂಡಿದ್ದ ಕಟ್ಟಿನ ಗುರುತು.

ಚುಕ್ಕೆಗಳು ಮಾತ್ರ ನಿಮ್ಮ ಗೋಡೆಯವು. ಕಾಗದದೊಳಗಿನ ಕಬ್ಬಿಣದ ಸೂಕ್ಷ್ಮ ಕಣಗಳು, ಬೂಷ್ಟು, ಅಥವಾ ಎರಡೂ ಇದಕ್ಕೆ ಕಾರಣವಾಗಿರಬಹುದು, ಆದರೆ ಎರಡಕ್ಕೂ ತೇವ ಬೇಕೇ ಬೇಕು. ಗಾಳಿಯ ಆರ್ದ್ರತೆ ಶೇಕಡಾ 65ರಿಂದ 70ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಜೀವ ಪಡೆಯುತ್ತದೆ. ಮಳೆ ಕುಡಿದ ಹೊರಗೋಡೆ, ಅದಕ್ಕೆ ಒತ್ತಿ ಕೂತ ಹಾರ್ಡ್‌ಬೋರ್ಡ್, ನಡುವೆ ಆಮ್ಲ ತುಂಬಿದ ದಿನಪತ್ರಿಕೆ: ಚಿತ್ರವು ಮೂರು ಮಳೆಗಾಲ ಒದ್ದೆ ಬಟ್ಟೆಯನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಂತಾಗಿದೆ. ಹಿಂದಿನ ಮುಖದಲ್ಲಿ ಚುಕ್ಕೆ ಗಾಢವಾಗಿರುವುದು ಅದಕ್ಕೇ. ಆದ್ದರಿಂದ ಚಿಕಿತ್ಸೆ ಬೇಕಿರುವುದು ಚಿತ್ರಕ್ಕಿಂತ ಮೊದಲು ಕಟ್ಟಿಗೆ.

ಬ್ಲೀಚಿಂಗ್ ಪೌಡರು ಚುಕ್ಕೆಯನ್ನು ತೆಗೆಯುತ್ತದೆ ನಿಜ. ಜೊತೆಗೆ ಕಾಗದದ ನಾರನ್ನೂ ಕಡಿಯುತ್ತದೆ, ಮತ್ತು ತೊಳೆದರೂ ಪೂರ್ತಿ ಹೋಗದೆ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ನಿಮ್ಮ ಹಾಳೆಯಲ್ಲಿ ಇನ್ನೂ ದೊಡ್ಡ ಅಪಾಯ ಬಣ್ಣದ್ದು. ಆ ಕಾಲದ ಅಕ್ವಾಟಿಂಟುಗಳನ್ನು ಅನೇಕ ಸಲ ಆಕಾಶಕ್ಕೆ ನೀಲಿ, ನೆಲಕ್ಕೆ ಕಂದು ಎಂದು ಎರಡು ಶಾಯಿಗಳಲ್ಲಿ ಅಚ್ಚು ಹಾಕಿ, ಉಳಿದದ್ದನ್ನು ಜಲವರ್ಣದಲ್ಲಿ ಕೈಯಿಂದ ತುಂಬುತ್ತಿದ್ದರು. ನೀಲಿ ಬಣ್ಣವು ಬಲೆಯ ಗೆರೆಗಳೊಳಗೆ ಮಾತ್ರ ಕೂತಿದ್ದರೆ ಅದು ಎಣ್ಣೆ ಶಾಯಿ. ಬಿಳಿಯ ದ್ವೀಪಗಳ ಮೇಲೂ ಹರಡಿಕೊಂಡಿದ್ದರೆ ಅದು ಜಲವರ್ಣ, ನೀರು ತಾಗಿದರೆ ಕದಡಬಹುದು. ಎರಡರಲ್ಲಿ ಯಾವುದೇ ಆದರೂ ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಪ್ರಷ್ಯನ್ ನೀಲಿ ಇದ್ದರೆ, ಅದು ಕ್ಷಾರಕ್ಕೆ ಸಿಕ್ಕು ಕಂದಾಗುತ್ತದೆ. ಬ್ಲೀಚಿಂಗ್ ಪೌಡರಿನ ನೀರು ಕ್ಷಾರವೇ. ಚುಕ್ಕೆ ಹೋಗಿ ಆಕಾಶವೇ ಕಂದಾದರೆ ಏನು ಪ್ರಯೋಜನ?

ಉತ್ತರ: ಗಾಂಧಿಬಜಾರ್_ಸಂಗ್ರಹ

ಬ್ಲೀಚ್ ಬೇಡ ಎಂಬುದನ್ನು ಒಪ್ಪುತ್ತೇನೆ. ಆದರೆ ನೀರಿನಲ್ಲಿಟ್ಟು ಬೆಳಕಿಗೆ ಒಡ್ಡಿ ಕಲೆ ತಿಳಿಗೊಳಿಸುವ ಪದ್ಧತಿಯನ್ನು ಸಂರಕ್ಷಕರೇ ಅನುಸರಿಸುತ್ತಾರಲ್ಲವೇ? ನನ್ನಲ್ಲಿರುವ ರಾಬರ್ಟ್ ಹೋಮನ 1794ರ ಶ್ರೀರಂಗಪಟ್ಟಣದ ಚಿತ್ರವೊಂದು ಹಾಗೆಯೇ ಚೆನ್ನಾಗಿ ತಿಳಿಯಾಯಿತು.

ಕಾಗದದ_ಕೆಲಸ

ಆಗಿರುತ್ತದೆ, ಏಕೆಂದರೆ ಹೋಮನ ಆ ಚಿತ್ರಗಳು ಬಣ್ಣವಿಲ್ಲದ ಗೆರೆಕೆತ್ತನೆಗಳು. ಇಂಗಾಲದ ಕಪ್ಪು ಶಾಯಿಗೆ ಬೆಳಕಿನ ಭಯವಿಲ್ಲ. ಹಂಟರನ ಹಾಳೆಯಲ್ಲಿ ಬಣ್ಣವೇ ಅರ್ಧ ಚಿತ್ರ, ಹಾಗಾಗಿ ಅದೇ ಉಪಾಯ ಇಲ್ಲಿ ಸಲ್ಲದು.

ಹಳೆಯ_ಹಾಳೆಯವರೇ, ಈಗ ಮಾಡಬೇಕಾದದ್ದು ಇಷ್ಟು. ಹಾಳೆಯನ್ನು ಒಣ ಕೋಣೆಯಲ್ಲಿ ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಭಾರವಿಲ್ಲದೆ ಕೆಲವು ದಿನ ಇಡಿ. ಬೂಷ್ಟಿನ ಪುಡಿ ಕಂಡರೆ ಮೂಗು ಬಾಯಿ ಮುಚ್ಚಿಕೊಂಡು ಹಿಂಬದಿಯನ್ನು ಮಾತ್ರ ಮೃದುವಾದ ಕುಂಚದಿಂದ ಸವರಿ ತೆಗೆಯಿರಿ, ಬಣ್ಣವಿರುವ ಮುಖವನ್ನು ಮುಟ್ಟಬೇಡಿ. ಮೌಂಟನ್ನೂ ಹಿಂಬದಿಯ ರಟ್ಟನ್ನೂ ಹತ್ತಿಯ ನಾರಿನ ಆಮ್ಲರಹಿತ ರಟ್ಟಿನಲ್ಲಿಯೇ ಮಾಡಿಸಿ. ಹಾಳೆಯ ಮೇಲಂಚಿಗೆ ಎರಡೇ ಎರಡು ಜಪಾನಿ ಕಾಗದದ ತುಂಡುಗಳನ್ನು ಗೋಧಿಯ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು, ಯಾವ ಟೇಪೂ ಬೇಡ. ಕಟ್ಟಿನ ಹಿಂದಿನ ನಾಲ್ಕೂ ಮೂಲೆಗೆ ಬಿರಡೆಯ ಬಿಲ್ಲೆ ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುತ್ತದೆ. ಚುಕ್ಕೆಗಳು ಇಷ್ಟಾಗಿಯೂ ಕಣ್ಣಿಗೆ ಚುಚ್ಚಿದರೆ ಬೆಂಗಳೂರಿನಲ್ಲಿರುವ ಇಂಟ್ಯಾಕ್ (ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ಭಾರತೀಯ ರಾಷ್ಟ್ರೀಯ ಟ್ರಸ್ಟ್) ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ. ಲಂಡನ್ನಿಗೆ ಮರಳಿ ಕಳಿಸುವ ಯೋಚನೆ ಬೇಡ, ನೂರು ವರ್ಷ ದಾಟಿದ ಕಲಾಕೃತಿಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ತಡೆಯುತ್ತದೆ.

ಹಳೆಯ_ಹಾಳೆ (ಎರಡು ತಿಂಗಳ ನಂತರ)

ಮೇಡಂ, ನೀವು ಹೇಳಿದಂತೆಯೇ ಮಾಡಿದೆ. ಆಕಾಶದ ನೀಲಿ ಬಲೆಯೊಳಗೇ ಇದೆ, ಮರಗಳ ಹಸಿರು ಮಾತ್ರ ಜಲವರ್ಣ. ಆರ್ದ್ರತಾಮಾಪಕ ತಂದು ನೋಡಿದರೆ ಮುಂಬಾಗಿಲ ಗೋಡೆಯ ಬಳಿ 78, ಒಳಕೋಣೆಯಲ್ಲಿ 59 ತೋರಿಸಿತು. ಚಿತ್ರ ಈಗ ಒಳಕೋಣೆಯ ಗೋಡೆಯಲ್ಲಿದೆ, ಹೊಸ ಚುಕ್ಕೆಗಳು ಬಂದಿಲ್ಲ, ಹಳೆಯವನ್ನು ಹಾಗೆಯೇ ಬಿಟ್ಟಿದ್ದೇನೆ. ಒದ್ದೆ ಹತ್ತಿಯಿಂದ ನಾನೇ ಮಾಡಿದ ಕಲೆ ಮೌಂಟಿನ ಅಡಿಯಲ್ಲಿ ಮರೆಯಾಗಿದೆ. ಮುಂದೆ ಇದನ್ನು ಬಿಚ್ಚುವವರಿಗೆ ಗೊಂದಲವಾಗದಿರಲಿ ಎಂದು ಅದು ಯಾವಾಗ, ಹೇಗೆ ಆಯಿತೆಂಬುದನ್ನು ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.